ಗೌಜಲಕುಂಟೆಯ ಬಿಡುದನಗಳು

ಮರುಹುಲ್ಲಿನ ಐವತ್ತನಾಲ್ಕನೇ ವರ್ಷ, ಮಖೆ ಮಳೆ ಹಿಡಿದ ವಾರ
ಗೌಜಲಕುಂಟೆ ಸೀಮೆ

ನಮಗಿಂತ ಮೊದಲು ಈ ನೆಲದ ಮೇಲೆ ಓಡಾಡಿದವರಿಗೆ,

ಮೇಲಿನ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ. ನಿಮ್ಮ ಲೆಕ್ಕಕ್ಕೆ ಇದು ಇಪ್ಪತ್ತಮೂರನೇ ಶತಮಾನದ ನಡುಗಾಲ. ನನ್ನ ಮಾತಿನಲ್ಲಿ ಕೆಲವು ಪದಗಳು ನೀವು ಕೇಳದೇ ಇರುವಂಥವು. ಇನ್ನು ಕೆಲವು ನಿಮ್ಮವೇ ಆಗಿದ್ದರೂ ನಮ್ಮ ಬಾಯಲ್ಲಿ ಬೇರೆ ಅರ್ಥಕ್ಕೆ ಹೊರಳಿರಬಹುದು. ಅದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ಅಷ್ಟು ದೂರ ನಡೆದು ಬಂದ ಭಾಷೆಯ ಕಾಲಿಗೆ ಒಂದಿಷ್ಟು ಧೂಳು ಹತ್ತಿರುತ್ತದೆ, ನೀವೇ ಒರೆಸಿಕೊಂಡು ಓದಬೇಕು.

ನನ್ನ ಹೆಸರು ಬೊಮ್ಮಕ್ಕ. ನಾನು ಈ ಸೀಮೆಯ ಹೊಣೆಗಾತಿ. ಅಂದರೆ ಇಲ್ಲಿನ ದನ, ಹುಲ್ಲು, ನೀರು ಮೂರಕ್ಕೂ ಉತ್ತರ ಹೇಳಬೇಕಾದವಳು. ಬರುವ ದೀಪಾವಳಿಗೆ ಈ ಕೆಲಸ ಬಿಡುತ್ತೇನೆ. ಕೆಲಸ ಬಿಡುವವರು ಒಂದು ಕಾಗದ ಬರೆಯುವುದು ನಮ್ಮಲ್ಲಿ ರೂಢಿ. ಎಲ್ಲರೂ ಮುಂದೆ ಬರುವವರಿಗೆ ಬರೆಯುತ್ತಾರೆ. ನನ್ನ ಮುಂದಿನವರು ದಿನಾ ನನ್ನ ಕಣ್ಣೆದುರಿಗೇ ಇದ್ದಾರೆ, ಅವರಿಗೆ ಹೇಳುವುದನ್ನೆಲ್ಲ ಬಾಯಲ್ಲೇ ಹೇಳಿ ಬೈಸಿಕೊಂಡೂ ಆಗಿದೆ. ಹಾಗಾಗಿ ನಾನು ಹಿಂದಕ್ಕೆ ಬರೆಯುತ್ತಿದ್ದೇನೆ. ಇದು ನಿಮ್ಮನ್ನು ಹೇಗೆ ಮುಟ್ಟುತ್ತದೋ ನನಗೆ ತಿಳಿಯದು.

ಗೌಜಲಕುಂಟೆ ಸೀಮೆ ಎಂದರೆ ಒಂದು ನೀರಿನ ಕುಂಟೆ, ಅದರ ಸುತ್ತ ಕಣ್ಣು ಹಾಯುವ ತನಕ ಹುಲ್ಲು. ಮರ ಕಡಿಮೆ. ಅಲ್ಲೊಂದು ಜಾಲಿ, ಇಲ್ಲೊಂದು ಬೇವು, ಹಳ್ಳದ ಬದಿಯಲ್ಲಿ ಲಕ್ಕಿಗಿಡ. ಒಂದು ಮನೆಯಿಂದ ಇನ್ನೊಂದಕ್ಕೆ ಹೋಗಬೇಕೆಂದರೆ ಬೆಳಿಗ್ಗೆ ಉಂಡು ಹೊರಟವರು ಮಧ್ಯಾಹ್ನದ ಊಟಕ್ಕೆ ಅಲ್ಲಿರುತ್ತಾರೆ. ಅದಕ್ಕೇ ನಮ್ಮಲ್ಲಿ ಯಾರ ಮನೆಗೆ ಯಾರು ಹೋದರೂ ರಾತ್ರಿ ಉಳಿಯದೆ ಬರುವ ಹಾಗಿಲ್ಲ, ಹಾಗೆ ಬಂದರೆ ಜಗಳವಾಗಿದೆ ಎಂದೇ ಅರ್ಥ. ಮನೆಯ ಮಾಡುಗಳೆಲ್ಲ ಗಾಜಿನವು. ನಿಮ್ಮ ಮೊಮ್ಮಕ್ಕಳು ಬಿಸಿಲು ಹಿಡಿಯಲು ಈ ಬಯಲಿನ ತುಂಬ ಗಾಜು ಹಾಸಿದ್ದರು. ನಾವು ಅದನ್ನು ಗಾಜುಹೊಲ ಎನ್ನುತ್ತೇವೆ. ಬಿಸಿಲಿನ ವ್ಯಾಪಾರ ಮುಂದೆ ಕಡಲ ಮೇಲಕ್ಕೆ ಹೋದಾಗ ಗಾಜು ಇಲ್ಲೇ ಉಳಿಯಿತು, ಜನ ಕಾಲುವೆ ಪಟ್ಟಣಗಳಿಗೆ ಹೋದರು. ಆ ಹಲಗೆಗಳನ್ನು ಮಸಿ ಬಳಿದು ಮಾಡಿಗೆ ಹೊದಿಸಿದರೆ ಮಳೆ ಸೋರುವುದಿಲ್ಲ. ಅವುಗಳ ಕಬ್ಬಿಣದ ಕಾಲುಗಳು ಕರುಗಳ ಕೊಟ್ಟಿಗೆಗೆ ಕಂಬಗಳಾಗಿವೆ. ನವಣೆ ಅನ್ನ, ಮಜ್ಜಿಗೆ, ಹುರುಳಿ ಸಾರು ನಮ್ಮ ಊಟ. ತುಪ್ಪ ಮಾತ್ರ ಯಾರಿಗೂ ಅಳೆದು ಬಡಿಸುವುದಿಲ್ಲ.

ನಿಮ್ಮ ಕಾಲಕ್ಕೂ ಮೊದಲು ಅರಸರು ತಮ್ಮ ದಂಡಿನ ದನಗಳಿಗಾಗಿ ಇಂಥ ಬಯಲುಗಳನ್ನು ಕಾವಲು ಎಂದು ಬಿಟ್ಟಿದ್ದರು. ಆಮೇಲೆ ಅವು ಚೂರುಚೂರಾಗಿ ಹಂಚಿಹೋದದ್ದು ನಿಮಗೇ ಗೊತ್ತು. ಜನ ಊರು ಬಿಡುವಾಗ ಹಗ್ಗ ಬಿಚ್ಚಿ ಬಿಟ್ಟುಹೋದ ದನಗಳ ಸಂತಾನ ಈ ಬಯಲಿನಲ್ಲಿ ಎರಡು ತಲೆಮಾರು ತಾನೇ ತಾನಾಗಿ ಬೆಳೆಯಿತು. ಒಡೆಯರಿಲ್ಲದ, ಮನುಷ್ಯರ ವಾಸನೆ ಬಂದರೆ ಬಾಲ ಎತ್ತಿ ಓಡುವ ಆ ದನಗಳಿಗೆ ಬಿಡುದನ ಎಂದು ಹೆಸರು. ಇಂದು ನಾವು ಕಾಯುತ್ತಿರುವುದು ಅವುಗಳ ಮಕ್ಕಳು ಮೊಮ್ಮಕ್ಕಳನ್ನು. ಅವು ನಮ್ಮ ಬಳಿಗೆ ಹೇಗೆ ಬಂದವು ಎಂಬುದನ್ನು ಹೇಳುವುದಕ್ಕೇ ಈ ಕಾಗದ.

ನನ್ನ ಅತ್ತೆಯ ಹೆಸರು ಕಾಟಮ್ಮ. ಅವಳು ಕಾಲುವೆ ಪಟ್ಟಣದಲ್ಲಿ ಪಂಪುಗಳ ಹೂಳು ತೆಗೆಯುವ ಕೆಲಸದಲ್ಲಿದ್ದವಳು. ಅವಳ ಮುತ್ತಜ್ಜಿಯ ಕಾಲದಲ್ಲಿ ಅವರ ಮನೆಯವರು ಇದೇ ಬಯಲಿನಲ್ಲಿ ದನ ಕಾಯುತ್ತಿದ್ದರಂತೆ. ಕಾಟಮ್ಮನಿಗೆ ಮಾತ್ರ ದನವೆಂದರೆ ಹಾಲಿನ ಡಬ್ಬಿಯ ಮೇಲಿನ ಚಿತ್ರ. ಮಾವ ತೀರಿಕೊಂಡ ವರ್ಷ ಅವಳು ಪಂಪಿನ ಕೆಲಸ ಬಿಟ್ಟಳು. ಜಲಾಡಳಿತದವರು, ಎಂದರೆ ನಮ್ಮ ಕಾಲದ ಸರ್ಕಾರ, ಗೌಜಲಕುಂಟೆಯ ಬಿಡುದನಗಳನ್ನು ಬಲೆ ಹಾಕಿ ಹಿಡಿದು ಕರಾವಳಿಗೆ ಸಾಗಿಸಿ, ಬಯಲಿಗೆಲ್ಲ ಬೇಗ ಬೆಳೆಯುವ ಮರದ ತೋಪು ಹಾಕುತ್ತಾರೆ ಎಂಬ ಪ್ರಕಟಣೆ ಬಂದಿತ್ತು. ಒಬ್ಬರ ಕರೆಗೆ ಓಗೊಟ್ಟು ನೀರಿನ ಬಳಿಗೆ ಬರುವ ದನಗಳಿದ್ದರೆ ಅವನ್ನು ಬಿಡುದನವೆಂದು ಎಣಿಸುವುದಿಲ್ಲ ಎಂದೂ ಅದರಲ್ಲೇ ಒಂದು ಸಾಲು ಇತ್ತು. ಕಾಟಮ್ಮ ಆ ಒಂದು ಸಾಲನ್ನು ಹಿಡಿದುಕೊಂಡು ಹೊರಟಳು. ಅವಳ ಮಗ ಜುಂಜಣ್ಣನನ್ನು ಮದುವೆಯಾಗಿ ನನಗೆ ಆರು ತಿಂಗಳೂ ಆಗಿರಲಿಲ್ಲ. ನಾನು ಕಾಲುವೆಯ ದಡದಲ್ಲಿ, ಕಿಟಕಿ ತೆಗೆದರೆ ಹತ್ತು ಮನೆಯ ಅಡುಗೆಯ ವಾಸನೆ ಬರುವ ಜಾಗದಲ್ಲಿ ಹುಟ್ಟಿದವಳು. ಇಲ್ಲಿಗೆ ಬಂದ ದಿನ ಬಂಡಿಯಿಂದ ಇಳಿದು ಸುತ್ತ ನೋಡಿದೆ. ಗಾಳಿ ಬಿಟ್ಟರೆ ಏನೂ ಇರಲಿಲ್ಲ. ನಾನು ಅಳುವುದನ್ನು ಯಾರಾದರೂ ಕೇಳಿಸಿಕೊಳ್ಳಲಿ ಎಂದರೆ ಅದಕ್ಕೂ ಒಂದು ನೆರೆಮನೆ ಇರಲಿಲ್ಲ.

ಮೊದಲ ತಿಂಗಳು ಕಾಟಮ್ಮ ತನ್ನ ಅಜ್ಜಿ ಹೇಳಿಕೊಟ್ಟ ದನ ಕರೆಯುವ ಹಾಡನ್ನು ದಿನಾ ಸಂಜೆ ದಿಬ್ಬದ ಮೇಲೆ ನಿಂತು ಹಾಡಿದಳು. ಮುತ್ತಜ್ಜಿಯ ಕಾಲದಲ್ಲಿ ಅದಕ್ಕೆ ದನಗಳು ಓಡಿ ಬರುತ್ತಿದ್ದವಂತೆ. ಈ ದನಗಳೂ ಓಡಿದವು, ಆ ಕಡೆಗೆ. ಜುಂಜಣ್ಣ ನಗು ತಡೆಯಲಾರದೆ, “ಅವ್ವಾ, ನೀನು ಹಾಡದೇ ಇದ್ರೆ ಅವು ಇಲ್ಲೇ ಇರ್ತಾವೇನೋ” ಎಂದ. ಕಾಟಮ್ಮ ಮರುದಿನದಿಂದ ಹಾಡು ನಿಲ್ಲಿಸಿದಳು. ಬೇಜಾರಾಯಿತೇನೋ ಎಂದುಕೊಂಡೆ. ಅವಳು ಅಷ್ಟು ಹೊತ್ತಿಗಾಗಲೇ ಉಪ್ಪಿನ ಬಗ್ಗೆ ಯೋಚಿಸುತ್ತಿದ್ದಳು. ಬಯಲಿನಲ್ಲಿ ಹುಲ್ಲಿದೆ, ಕುಂಟೆಯಲ್ಲಿ ನೀರಿದೆ, ಉಪ್ಪು ಎಲ್ಲಿದೆ ಎಂದು ನನ್ನನ್ನೇ ಕೇಳಿದಳು. ಕರಾವಳಿಯಿಂದ ಉಪ್ಪಿನ ಗಟ್ಟಿಗಳನ್ನು ತರಿಸಿದಳು. ಗಟ್ಟಿ ಹಾಗೇ ಇಟ್ಟರೆ ನಾಲ್ಕು ದನ ನೆಕ್ಕಿ ಮಿಕ್ಕವು ದೂರ ನಿಲ್ಲುತ್ತವೆ, ಪುಡಿ ಮಾಡಿ ಕುಂಟೆಯ ದಡದ ಚಪ್ಪಡಿಗಳ ಮೇಲೆಲ್ಲ ಹರವಬೇಕು ಎಂದು ತೀರ್ಮಾನವಾಯಿತು. ಕುಟ್ಟುವ ಕೆಲಸ ನನ್ನದು.

ಕುಂಟೆಯ ಏರಿಯ ಮೇಲೆ ಒಂದು ಹಳೆಯ ಒರಳುಕಲ್ಲು ಹೂತುಕೊಂಡಿತ್ತು. ದಿನಾ ಇಳಿಹೊತ್ತು ನಾನು ಅಲ್ಲಿ ಕೂತು ಗುಂಡುಕಲ್ಲಿನಿಂದ ಉಪ್ಪು ಕುಟ್ಟುತ್ತಿದ್ದೆ. ನನ್ನ ತಾಯಿ ಮನೆ ನೆನಪಾದಷ್ಟೂ ಏಟು ಜೋರಾಗುತ್ತಿತ್ತು. ಕಾಟಮ್ಮ ದೂರದಿಂದ ನೋಡುತ್ತಿದ್ದಳು. ಕುಟ್ಟಿ, ಹರವಿ, ನಾವು ಮನೆಯೊಳಗೆ ಹೋದ ಮೇಲೆ ದನಗಳು ಬಂದು ನೆಕ್ಕಿ ಹೋಗುತ್ತಿದ್ದವು. ಮಳೆಗಾಲ ಮುಗಿಯಿತು, ಹುಲ್ಲು ತೆನೆ ಬಿಟ್ಟಿತು. ಒಂದು ದಿನ ಉಪ್ಪು ಮುಗಿದಿತ್ತು, ನಾನು ಅಡುಗೆಗೆಂದು ಒಣಮೆಣಸಿನಕಾಯಿ ಕುಟ್ಟುತ್ತಾ ಇದ್ದೆ. ಘಾಟಿಗೆ ಕಣ್ಣು ಒರೆಸಿಕೊಂಡು ತಲೆ ಎತ್ತಿದರೆ ಕುಂಟೆಯ ಆಚೆ ದಡದಲ್ಲಿ ಸಾಲಾಗಿ ದನಗಳು ನಿಂತಿದ್ದವು. ಎಲ್ಲಕ್ಕಿಂತ ಮುಂದೆ ಬೂದಿಬಣ್ಣದ ಒಂದು ದೊಡ್ಡ ಹಸು, ಕಿವಿ ಎರಡನ್ನೂ ನನ್ನ ಕಡೆಗೆ ಚಾಚಿಕೊಂಡು ನಿಂತಿತ್ತು. ನಾನು ಕೈ ನಿಲ್ಲಿಸಲಿಲ್ಲ. ಕುಟ್ಟುತ್ತಲೇ, “ಅತ್ತೆಮ್ಮಾ, ಈಚೆ ಬಾ, ಮೆಲ್ಲಗೆ ಬಾ” ಎಂದು ಕರೆದೆ. ಕಾಟಮ್ಮ ಬಂದು ನನ್ನ ಹಿಂದೆ ನಿಂತು ನೋಡಿದಳು. “ಹಾಡು ಸಿಕ್ತು ಬಿಡು” ಎಂದಳು.

ಅಲ್ಲಿಂದ ಮುಂದೆ ಉಪ್ಪನ್ನು ಬೇಕೆಂದೇ ಅವುಗಳ ಎದುರಿಗೇ ಕುಟ್ಟಿದೆವು. ನಾನೂ ಕುಟ್ಟಿದೆ, ಅವಳೂ ಕುಟ್ಟಿದಳು. ಪುಷ್ಯ ಮಾಸದ ಹೊತ್ತಿಗೆ ಬೂದಿ ಹಸು ನಮ್ಮಿಂದ ಎರಡು ಮಾರು ದೂರದಲ್ಲಿ ನಿಂತು ಉಪ್ಪು ನೆಕ್ಕುವಷ್ಟಾಯಿತು. ಜಲಾಡಳಿತದ ತೆರವು ಅಧಿಕಾರಿ ಸುದರ್ಶನ ಎಂಬವರು ಒಮ್ಮೆ ಬಂದು ನೋಡಿದರು. ಸಣ್ಣ ದನಿಯ, ಮರ್ಯಾದಸ್ಥ ಮನುಷ್ಯ. “ಶಿವರಾತ್ರಿ ಮರುದಿನ ಬರ್ತೇನೆ. ಇಡೀ ಹಿಂಡು ನಿಮ್ಮ ಕರೆಗೆ ಈ ನೀರಿಗೆ ಬಂದರೆ ಬಲೆಯವರನ್ನ ವಾಪಸು ಕಳಿಸ್ತೇನೆ. ಬರದಿದ್ದರೆ ನನ್ನ ಕೈಯಲ್ಲಿ ಏನೂ ಇಲ್ಲಮ್ಮ” ಎಂದರು. ಕಾಟಮ್ಮ, “ಬರ್ತಾವೆ ಸ್ವಾಮಿ” ಎಂದಳು, ನೆಂಟರ ಬಗ್ಗೆ ಹೇಳುವ ಹಾಗೆ.

ಶಿವರಾತ್ರಿಗೆ ಇನ್ನೂ ವಾರವಿರುವಾಗ ಬಯಲಿಗೆ ಬೆಂಕಿ ಬಿತ್ತು. ಒಡೆದ ಗಾಜಿನಿಂದ ಹತ್ತಿತೋ ಮತ್ತೆ ಹೇಗೋ, ಇವತ್ತಿಗೂ ಗೊತ್ತಿಲ್ಲ. ಮಧ್ಯಾಹ್ನದ ಬಿಸಿಲಿನಲ್ಲಿ ಬೆಂಕಿ ಕಾಣುವುದಿಲ್ಲ, ಗಾಳಿ ನಡುಗಿದ ಹಾಗೆ ಕಾಣುತ್ತದೆ, ಆಮೇಲೆ ಹೊಗೆ. ಪಡುವಣ ಗಾಳಿ ಅದನ್ನು ತಳ್ಳಿಕೊಂಡು ಬರುತ್ತಿತ್ತು. ದನಗಳು ಬೆಂಕಿಗೆ ಬೆನ್ನು ಹಾಕಿ ಮೂಡಲಿಗೆ ಓಡಿದವು. ಅಲ್ಲಿ ಗಾಜುಹೊಲದವರು ಹಾಕಿಹೋದ ಕಬ್ಬಿಣದ ಜಾಲರಿ ಬೇಲಿ ಇನ್ನೂ ನಿಂತಿತ್ತು. ಇಡೀ ಹಿಂಡು ಆ ಬೇಲಿಯ ಮೂಲೆಗೆ ಒತ್ತಿಕೊಂಡಿತು. ಜುಂಜಣ್ಣ ತಂತಿ ಕತ್ತರಿಸುವ ಇಕ್ಕಳ ಹಿಡಿದು ಬೇಲಿ ಸುತ್ತಿಕೊಂಡು ಹೊರಬದಿಗೆ ಓಡಿದ, ಹಿಂದೆಯೇ ನಾವಿಬ್ಬರು. ಅವನು ಹೊರಗಿನಿಂದ ಜಾಲರಿಯನ್ನು ಕತ್ತರಿಸಿ ಬಂಡಿ ಹೋಗುವಷ್ಟು ಅಗಲಕ್ಕೆ ಮಡಿಚಿ ಎಳೆದ. ದಾರಿಯಾಯಿತು. ದನಗಳಿಗೆ ಅದು ಕಾಣಲಿಲ್ಲ. ಮೂಲೆಯಲ್ಲೇ ಒಂದರ ಮೇಲೊಂದು ಬಿದ್ದು ಅರಚುತ್ತಿದ್ದವು. ಕಾಟಮ್ಮ ತಂದಿದ್ದ ಗುಂಡುಕಲ್ಲನ್ನು ದಾರಿಯ ಈಚೆ ಬಂಡೆಯ ಮೇಲೆ ಕುಟ್ಟತೊಡಗಿದಳು. ಗಾಳಿ ಎದುರು, ಬೆಂಕಿಯ ಮೊರೆತ ಬೇರೆ. ಸದ್ದು ನಮಗೇ ಸರಿಯಾಗಿ ಕೇಳುತ್ತಿರಲಿಲ್ಲ.

“ಇಲ್ಲಿಂದ ಕೇಳ್ಸಲ್ಲ” ಎಂದು ಅವಳು ಕಲ್ಲನ್ನು ಎತ್ತಿಕೊಂಡು ಬೇಲಿಯ ಒಳಗೆ ನಡೆದಳು.

“ಅವ್ವಾ, ಬ್ಯಾಡ, ಅವು ತುಳೀತಾವೆ” ಎಂದ ಜುಂಜಣ್ಣ.

“ಬೇಲಿ ಇನ್ನೊಂದಿಷ್ಟು ಅಗಲ ಮಾಡು” ಎಂದಳು, ಅಷ್ಟೇ.

ಅವಳು ದನಗಳ ಹತ್ತಿರಕ್ಕೆ, ಹೊಗೆಯೊಳಕ್ಕೆ ಹೋಗಿ ಒಂದು ಬಂಡೆಯ ಮೇಲೆ ಕೂತು ಕುಟ್ಟಿದಳು. ನಾನು ದಾರಿಯ ಬಾಯಲ್ಲಿ ಕೈಗೆ ಸಿಕ್ಕಿದ ಇನ್ನೊಂದು ಕಲ್ಲು ಹಿಡಿದು ಅವಳ ಏಟಿಗೆ ಏಟು ಕೊಟ್ಟೆ. ಬೂದಿ ಹಸುವಿನ ತಲೆ ಮೇಲೆದ್ದಿತು. ಅದು ಅವಳ ಕಡೆಗೆ ತಿರುಗಿತು, ಅವಳನ್ನು ದಾಟಿ ನನ್ನ ಸದ್ದಿನ ಕಡೆಗೆ ಬಂತು, ನನ್ನ ಮೈಗೆ ಮೈ ತಾಗಿಸಿಕೊಂಡು ಹೊರಗೆ ಹೋಯಿತು. ಅದರ ಹಿಂದೆ ಹೊಳೆ ಒಡೆದ ಹಾಗೆ ಹಿಂಡು ನುಗ್ಗಿತು. ಬಹುಪಾಲು ದನಗಳು ಕಾಟಮ್ಮನ ಎರಡೂ ಬದಿಗೆ ಕವಲೊಡೆದು ಹೋದವು. ಕಣ್ಣಿಗೆ ಹೊಗೆ ತುಂಬಿದ್ದ ಒಂದು ಎಳೆಯ ಹೋರಿ ಮಾತ್ರ ನೇರ ಅವಳ ಮೇಲೆ ಹಾಯಿತು. ಜುಂಜಣ್ಣ ಅವಳನ್ನು ಎತ್ತಿಕೊಂಡು ಹೊರಗೆ ಬರುವಾಗ ಬೆಂಕಿ ಬೇಲಿಗೆ ಮುಟ್ಟುತ್ತಿತ್ತು. ಅವಳ ಸೊಂಟದ ಮೂಳೆ ಮುರಿದಿತ್ತು.

ಮರುದಿನ ಹಾರುವೈದ್ಯೆ ಬಂದಳು. ದೂರದ ಸೀಮೆಗಳಿಗೆ ಆಕಾಶದಲ್ಲಿ ಬಂದು ಹೋಗುವ ಡಾಕ್ಟರಿಗೆ ನಾವು ಹಾಗೆನ್ನುತ್ತೇವೆ. ಪಟ್ಟಣಕ್ಕೆ ಕರೆದೊಯ್ದರೆ ಒಳ್ಳೆಯದು, ಹತ್ತು ದಿನ ತಡವಾದರೆ ಪ್ರಾಣಕ್ಕೇನೂ ಭಯವಿಲ್ಲ, ಆದರೆ ಮೊದಲಿನ ಹಾಗೆ ನಡೆಯಲಾರಳು ಎಂದು ಹೇಳಿದಳು. ಕಾಟಮ್ಮ ಶಿವರಾತ್ರಿ ಕಳೆದ ಮೇಲೆ ನೋಡೋಣ ಎಂದಳು. ಅಂದು ಸಂಜೆ ಜುಂಜಣ್ಣ ಹೊರಗೆ ನನ್ನ ಪಕ್ಕ ಬಂದು ಕೂತ. “ನೀನು ಹೂಂ ಅಂದ್ರೆ ನಾಳೇನೇ ಅವ್ವನ್ನ ಕರ್ಕೊಂಡು ಪಟ್ಟಣಕ್ಕೆ ಹೋಗಿಬಿಡಾಣ. ಯಾರೂ ನಿನ್ನ ತಪ್ಪು ಅನ್ನಲ್ಲ” ಎಂದ. ನಾನು ಆರು ತಿಂಗಳಿಂದ ಕಾಯುತ್ತಿದ್ದ ಮಾತು ಅದು. ಸುಟ್ಟ ಬಯಲಿನ ಕಡೆ ನೋಡಿದೆ. ಆ ಹಸು ನನ್ನ ಮೈಗೆ ತಾಗಿಕೊಂಡು ಹೋದಾಗ ಅದರ ಎದೆ ಹೊಡೆದುಕೊಳ್ಳುತ್ತಿದ್ದದ್ದು ನನ್ನ ತೋಳಿಗೆ ತಿಳಿದಿತ್ತು. ಅಷ್ಟು ಹೆದರಿದ ಜೀವ ನಾನು ಕುಟ್ಟಿದ ಸದ್ದನ್ನು ನಂಬಿ ಬಂದಿತ್ತು. “ಶಿವರಾತ್ರಿ ಆಗ್ಲಿ” ಎಂದೆ.

ಸುದರ್ಶನ ಅವರು ಹೇಳಿದ ದಿನಕ್ಕೆ ಬಂದರು. ಬಲೆಯವರು ದಿಬ್ಬದಾಚೆ ತಮ್ಮ ಗಾಡಿಗಳಲ್ಲಿ ಇದ್ದರು. ಕಾಟಮ್ಮನನ್ನು ಮಂಚದ ಸಮೇತ ಹೊತ್ತು ತಂದು ಏರಿಯ ಬೇವಿನ ನೆರಳಿನಲ್ಲಿ ಇಳಿಸಿದೆವು. “ನೀನೇ ಕುಟ್ಟು” ಎಂದಳು.

“ಬೆಂಕಿ ದಿನ ನೀನೂ ಕುಟ್ತಿದ್ದೆ ಅತ್ತೆಮ್ಮಾ, ನಾನೊಬ್ಬಳೇ ಕುಟ್ಟಿದ್ರೆ ಬರ್ತಾವಾ? ನನ್ನ ಗುರ್ತು ಅವಕ್ಕೆಲ್ಲಿದೆ?”

“ಅವಕ್ಕೆ ನಂದೂ ಗುರ್ತಿಲ್ಲ ಕಣೇ. ಉಪ್ಪಿನ ಗುರ್ತಿದೆ. ಕೂತ್ಕೋ.”

ಕೂತೆ. ಕುಟ್ಟಿದೆ. ದನಗಳು ಬೇಲಿಯಾಚೆಯ ಹಸಿರುಳಿದ ಹಳ್ಳದಲ್ಲಿದ್ದವು. ಅಲ್ಲಿಗೂ ಕುಂಟೆಗೂ ನಡುವೆ ಇದ್ದದ್ದೆಲ್ಲ ಕರಿನೆಲ. ಅವು ಬೇಲಿಯ ಬಾಯಿ ತನಕ ಬಂದು, ಸುಟ್ಟ ನೆಲವನ್ನು ಮೂಸಿ, ಹಿಂದಕ್ಕೆ ಹೋಗುತ್ತಿದ್ದದ್ದು ಏರಿಯ ಮೇಲಿಂದ ಕಾಣುತ್ತಿತ್ತು. ಬಿಸಿಲು ನೆತ್ತಿಗೇರಿತು. ಸುದರ್ಶನ ಅವರು ನಮ್ಮ ಮನೆಯ ಮಜ್ಜಿಗೆ ಕುಡಿದರು, ಕೈ ಗಡಿಯಾರ ನೋಡಲಿಲ್ಲ, ಅದಕ್ಕೆ ನಾನು ಇವತ್ತಿಗೂ ಅವರಿಗೆ ಋಣಿ. ಬಿಸಿಲು ಇಳಿಮುಖವಾದ ಮೇಲೆ, “ಸಾಕು ಮಾಡಮ್ಮ, ಕೈ ಬೊಬ್ಬೆ ಬಂದಿದೆ” ಎಂದರು. ಅವರ ದನಿಯಲ್ಲಿ ಅವಸರವಿರಲಿಲ್ಲ, ಬೇಸರವಿತ್ತು.

ಮಂಚದ ಮೇಲಿಂದ ಕಾಟಮ್ಮ, “ಬೊಮ್ಮೀ” ಎಂದಳು. “ಬೆಳಗಿಂದ ಭಿಕ್ಷೆ ಬೇಡೋಳ ಹಂಗೆ ಕುಟ್ತಾ ಇದೀಯ. ಅವು ಅಂಥ ಸದ್ದು ಯಾವತ್ತು ಕೇಳಿದ್ವು? ಬಂದ ಹೊಸದ್ರಲ್ಲಿ, ನನ್ನ ಮೇಲೆ ಸಿಟ್ಟಿದ್ದಾಗ ಹೆಂಗೆ ಕುಟ್ತಿದ್ದೆ, ಹಂಗೆ ಕುಟ್ಟು.”

ನಾನು ಅವಳ ಮುಖ ನೋಡಿದೆ. ಇಷ್ಟು ದಿನ ಅವಳಿಗೆ ಎಲ್ಲವೂ ತಿಳಿದಿತ್ತು, ತಿಳಿದೂ ಸುಮ್ಮನಿದ್ದಳು ಎಂಬುದು ನನಗೆ ಹೊಳೆದದ್ದು ಆಗ. ನಗು ಬಂತು. ಕಲ್ಲು ಎತ್ತಿ ಕುಟ್ಟಿದೆ. ಯಾರ ದಯೆಗೂ ಕಾಯದ ಹಾಗೆ, ತಡೆದು ತಡೆದು, ಭಾರವಾಗಿ. ಜುಂಜಣ್ಣ ಮೊದಲು ನೋಡಿ ಕೈ ತೋರಿಸಿದ. ಬೂದಿ ಹಸು ಕರಿನೆಲಕ್ಕೆ ಕಾಲಿಟ್ಟಿತ್ತು. ಹೆಜ್ಜೆಗೊಂದು ಸಲ ಬೂದಿ ಹಾರುತ್ತಿತ್ತು. ಅದು ಅರ್ಧ ದಾರಿ ಬರುವ ತನಕ ಹಿಂದಿನವು ಅಲುಗಲಿಲ್ಲ. ಆಮೇಲೆ ಒಂದು ಕರುವಿನ ತಾಯಿ, ಆಮೇಲೆ ಹೋರಿಗಳು, ಕೊನೆಗೆ ಕರಿನೆಲವೇ ಕಾಣದಷ್ಟು ದನ. ಬಂದು ನಮ್ಮ ಸುತ್ತ ಚಪ್ಪಡಿಗಳ ಮೇಲೆ ಬಾಯಿ ಹಾಕಿದವು. ಸುದರ್ಶನ ಅವರು ನಿಧಾನಕ್ಕೆ ಎದ್ದು ಒಂದು ಚಿಟಿಕೆ ಉಪ್ಪು ಅಂಗೈಯಲ್ಲಿಟ್ಟು ಚಾಚಿದರು. ಬೂದಿ ಹಸು ಮೂಸಿ ಮುಖ ತಿರುಗಿಸಿತು. ಅವರು ನಕ್ಕು ಕೈ ಒರೆಸಿಕೊಂಡರು.

“ಇವುಗಳ ಒಡತಿ ಯಾರು ಅಂತ ಬರೀಲಿ?” ಎಂದು ಕೇಳಿದರು.

ಕಾಟಮ್ಮ, “ಒಡತಿ ಅಂತ ಯಾರೂ ಇಲ್ಲ ಸ್ವಾಮಿ. ಹೊಣೆ ಅಂದ್ರೆ ನಾವು” ಎಂದಳು.

ಅವರು ಹಾಗೇ ಬರೆದುಕೊಂಡರು. ನನ್ನ ಕೆಲಸದ ಹೆಸರು ಬಂದದ್ದು ಆ ಮಾತಿನಿಂದ. ಬಲೆಯ ಗಾಡಿಗಳು ಅಂದೇ ಹಿಂದಿರುಗಿದವು. ಆಷಾಢದ ಮೊದಲ ಮಳೆಗೆ ಸುಟ್ಟ ನೆಲದಲ್ಲೇ ಎಲ್ಲಕ್ಕಿಂತ ಮೊದಲು ಹುಲ್ಲು ಚಿಗುರಿತು. ಅಲ್ಲಿಂದ ನಾವು ವರ್ಷ ಎಣಿಸುತ್ತೇವೆ, ಮರುಹುಲ್ಲಿನ ವರ್ಷ ಎಂದು. ತೋಪು ಹಾಕುವ ಯೋಜನೆ ಒಂದೆರಡು ಸಲ ಮತ್ತೆ ತಲೆ ಎತ್ತಿತು, ಬಂದು ನೋಡಿದವರು ತಾವೇ ಕೈಬಿಟ್ಟರು. ಸುದ್ದಿ ಕೇಳಿ ಕಾಲುವೆ ಪಟ್ಟಣಗಳಿಂದ ಒಂದೊಂದೇ ಕುಟುಂಬ ಬಂತು. ನಮ್ಮ ಹಾಗೇ ಅವರಿಗೂ ದನ ಕಾಯುವುದು ಗೊತ್ತಿರಲಿಲ್ಲ. ಎಲ್ಲರೂ ತಪ್ಪು ಮಾಡಿ ಮಾಡಿಯೇ ಕಲಿತೆವು. ಕಾಟಮ್ಮ ಪಟ್ಟಣದಲ್ಲಿ ಆರೈಕೆ ಮಾಡಿಸಿಕೊಂಡು ಬಂದು, ಊರುಗೋಲು ಹಿಡಿದು ಇನ್ನೂ ಬಹಳ ವರ್ಷ ಬದುಕಿದಳು. ಕುಂಟೆಯ ಏರಿಯಾಚೆಗೆ ಅವಳು ಮತ್ತೆ ನಡೆಯಲಿಲ್ಲ. ಬೇವಿನ ನೆರಳಿನಲ್ಲಿ ಕೂತು ಬಂದವರಿಗೆಲ್ಲ ಅಧಿಕಾರದಿಂದ ಸಲಹೆ ಕೊಡುತ್ತಿದ್ದಳು, ಅದರಲ್ಲಿ ಅರ್ಧ ತಪ್ಪಿರುತ್ತಿತ್ತು. ನಾನು ಅವಳೊಂದಿಗೆ ದಿನಾ ಜಗಳ ಆಡಿದೆ. ಅವಳು ಹೋದ ಮೇಲೆ ಅಷ್ಟು ಚೆನ್ನಾಗಿ ಜಗಳ ಆಡುವವರು ನನಗೆ ಸಿಕ್ಕಿಲ್ಲ.

ಇವತ್ತು ನಮ್ಮ ಸೀಮೆಯಲ್ಲಿ ಜನ ಇನ್ನೂ ಕಡಿಮೆಯೇ. ಹಾಗೇ ಇರಲಿ ಎಂಬುದು ನಮ್ಮ ಇಚ್ಛೆ. ಈ ನೆಲ ಎಷ್ಟು ಬಾಯಿಗೆ ಅನ್ನ ಕೊಡಬಲ್ಲದೋ ಅಷ್ಟೇ ಒಲೆ ಉರಿಯುತ್ತವೆ. ನಿಮ್ಮ ಕಾಲದಲ್ಲಿ ಅಳಿವಿನ ಅಂಚಿಗೆ ಬಂದಿದ್ದ ದೊಡ್ಡ ನೆಲಹಕ್ಕಿ, ನೀವು ಎರೆಲಡ್ಡು ಎನ್ನುತ್ತಿದ್ದದ್ದು, ಹೋದ ವರ್ಷ ಉತ್ತರದಿಂದ ಬಂದು ನಮ್ಮ ಹುಲ್ಲಿನಲ್ಲಿ ಮೊಟ್ಟೆ ಇಟ್ಟಿತು. ತೋಳಗಳೂ ಇವೆ, ಕರು ಹೊತ್ತೊಯ್ಯುತ್ತವೆ, ಬೈಯುತ್ತೇವೆ, ಬಿಟ್ಟುಬಿಡುತ್ತೇವೆ. ನಮಗೆ ಭಯವಿಲ್ಲ. ಬರ ಬರುತ್ತದೆ, ಬೆಂಕಿ ಬರುತ್ತದೆ, ಹೊಸ ಪ್ರಕಟಣೆಗಳು ಬರುತ್ತವೆ. ಅವನ್ನೆಲ್ಲ ಎದುರಿಸುವ ಜನ ಇಲ್ಲಿದ್ದಾರೆ.

ನಿಮ್ಮಲ್ಲಿ ಒಂದು ಕೋರಿಕೆ ಇದೆ. ದೊಡ್ಡದೇನಲ್ಲ. ನೀವು ಎಲ್ಲಿಗೋ ಅವಸರದಲ್ಲಿ ಹೋಗುತ್ತಿರುವಾಗ ರಸ್ತೆಗೆ ಅಡ್ಡವಾಗಿ ಒಂದು ಹಿಂಡು ದಾಟುತ್ತಿರುತ್ತದೆ. ಕುರಿಯೋ, ದನವೋ, ಹೆಗಲ ಮೇಲೆ ಕಂಬಳಿ ಹಾಕಿಕೊಂಡ ಒಬ್ಬರು ಹಿಂದೆ. ಆಗ ಹಾರನ್ ಹೊಡೆಯಬೇಡಿ. ಗಾಡಿ ನಿಲ್ಲಿಸಿ, ಕೊನೆಯ ಮರಿ ದಾಟುವ ತನಕ ಕಾಯಿರಿ. ಅವು ದಾಟಿ ಆಚೆ ಹೋಗಲಿ, ಅಲ್ಲಿಂದ ಮುಂದಕ್ಕೆ ಅವುಗಳನ್ನು ನಾವು ನೋಡಿಕೊಳ್ಳುತ್ತೇವೆ.

ಇಂತು,
ಬೊಮ್ಮಕ್ಕ
ಗೌಜಲಕುಂಟೆ